ಗ್ಯಾಸ್ ನೀರಿನ ಹಾಗೆ ಕೆಳಗೆ ಇಳಿಯುತ್ತದೆ

ನಡುರಾತ್ರಿ ಎದ್ದಾಗ ಅಡುಗೆಮನೆಯಿಂದ ಗ್ಯಾಸ್ ವಾಸನೆ ಬಂದರೆ ಮೊದಲು ಏನು ಮಾಡುತ್ತೀರಿ? ನಮ್ಮ ಬೀದಿಯ ಸ್ವಸಹಾಯ ಸಂಘದ ಸಭೆಯಲ್ಲಿ ಈ ಪ್ರಶ್ನೆ ಕೇಳಿದೆ. "ಲೈಟ್ ಹಾಕಿ ನೋಡ್ತೀವಿ" ಅಂದರು ಸುಮಾರು ಜನ. ನನ್ನ ಎದೆ ಝಲ್ಲೆಂದಿತು.

ಸ್ವಿಚ್ ಒತ್ತಿದಾಗ ಒಳಗೆ ಸಣ್ಣ ಕಿಡಿ ಹಾರುತ್ತದೆ. ನಮಗೆ ಕಾಣುವುದಿಲ್ಲ, ಆದರೆ ಸೋರಿದ ಗ್ಯಾಸಿಗೆ ಅಷ್ಟೇ ಸಾಕು. ಗಾಳಿಯಲ್ಲಿ ಶೇ. 2ರಷ್ಟು ಗ್ಯಾಸ್ ಸೇರಿದರೂ ಹೊತ್ತಿಕೊಳ್ಳಬಹುದು. ಸಿಲಿಂಡರಿನಲ್ಲಿರುವ ಪ್ರೊಪೇನ್, ಬ್ಯೂಟೇನ್‌ಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬು ವಾಸನೆಯ ವಸ್ತುವನ್ನು ಬೆರೆಸುತ್ತಾರೆ.

ಈಗ ಮುಖ್ಯ ವಿಷಯ. ಈ ಗ್ಯಾಸ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ಕಟ್ಟೆಯಿಂದ ನೀರಿನ ಹಾಗೆ ಕೆಳಗಿಳಿದು ನೆಲದ ಮೇಲೆ ಹರಡಿ, ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೂ ಹೋಗಿ ಮಂಚದ ಕೆಳಗೆ ನಿಲ್ಲುತ್ತದೆ. ನಮ್ಮ ಮೂಗು ಇರುವುದು ಐದಡಿ ಎತ್ತರದಲ್ಲಿ. ನೆಲದ ಹತ್ತಿರ ಎಷ್ಟು ತುಂಬಿದೆ ಅಂತ ಅದಕ್ಕೆ ಬೇಗ ಗೊತ್ತಾಗುವುದಿಲ್ಲ, ಅಲ್ವಾ? ಅಡುಗೆಮನೆಯಲ್ಲೇ ನೆಲದ ಮೇಲೆ ದೇವರ ದೀಪ ಹಚ್ಚಿಡುವ ಮನೆಗಳನ್ನು ನೋಡಿದಾಗ ನನಗೆ ಭಯವಾಗುವುದು ಇದಕ್ಕೇ. ಫ್ರಿಜ್ ಕೂಡ ತಾನಾಗಿಯೇ ಆನ್ ಆಫ್ ಆಗುವಾಗ ಕಿಡಿ ಹಾರಬಹುದು.

ಹಾಗಾಗಿ ಕತ್ತಲಲ್ಲೇ ರೆಗ್ಯುಲೇಟರ್ ಆಫ್ ಮಾಡಿ. ಬಾಗಿಲು ತೆರೆಯಿರಿ, ಕಿಟಕಿ ಒಂದೇ ಸಾಲದು, ಏಕೆಂದರೆ ಗ್ಯಾಸ್ ಇರುವುದು ಕಿಟಕಿಗಿಂತ ಕೆಳಗೆ. ಎಕ್ಸಾಸ್ಟ್ ಫ್ಯಾನ್ ಹಾಕಲೇಬೇಡಿ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ, ತಡೆಯಿರಿ. ಮಲಗಿದವರನ್ನೆಲ್ಲ ಎಬ್ಬಿಸಿಕೊಂಡು ಹೊರಗೆ ಬಂದು, ಅಲ್ಲಿಂದ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ನಂಬರ್ ಅದು. ಬೆಂಕಿ ಹೊತ್ತಿದ್ದರೆ 101 ಅಥವಾ 112.

ಹೊಸ ಸಿಲಿಂಡರ್ ಹಾಕಿದಾಗ ಕೆಲವರು ಈಗಲೂ ಕಡ್ಡಿ ಗೀರಿ ಸೋರಿಕೆ ನೋಡುತ್ತಾರೆ. ದಯವಿಟ್ಟು ಬೇಡ. ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ ಅಂತ ಅರ್ಥ. ರಬ್ಬರ್ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ, ನೋಡಲು ಚೆನ್ನಾಗಿದ್ದರೂ ಸರಿ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ನೀರು ಎಣ್ಣೆಯ ಕೆಳಗೆ ಮುಳುಗಿ ತಕ್ಷಣ ಆವಿಯಾಗುತ್ತದೆ. ಆವಿಯಾದ ನೀರು ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸೂರಿನವರೆಗೂ ಎರಚುತ್ತದೆ. ಒಲೆ ಆರಿಸಿ, ದೊಡ್ಡ ತಟ್ಟೆ ಮುಚ್ಚಿ, ಪೂರ್ತಿ ತಣ್ಣಗಾಗುವವರೆಗೆ ಎತ್ತಬೇಡಿ.

ಮುಂದಿನ ಸಭೆಗೆ ಮಕ್ಕಳನ್ನೂ ಕರೆತನ್ನಿ ಎಂದಿದ್ದೇನೆ. ರಾತ್ರಿ ನೀರು ಕುಡಿಯಲು ಎದ್ದು ಅಡುಗೆಮನೆಯ ಲೈಟ್ ಹಾಕುವವರು ಅವರೇ ಜಾಸ್ತಿ.