ನಕ್ಷೆ ಹಳೆಯದೇ ಆದರೆ ದನಿಯೂ ಹಳೆಯದೇ ಬರುತ್ತದೆಯೇ?

ಪ್ರಶ್ನೆ: 1950ರ ದಶಕದ ಫೆಂಡರ್ ಡಿಲಕ್ಸ್ ಸರ್ಕ್ಯೂಟನ್ನು ಅನುಸರಿಸಿ ಕೈಯಲ್ಲೇ ಜೋಡಿಸಿದ ಟ್ಯೂಬ್ ಆಂಪ್, ಅಂದರೆ ಗಾಜಿನ ನಿರ್ವಾತ ಕೊಳವೆಗಳಿಂದ ಎಲೆಕ್ಟ್ರಿಕ್ ಗಿಟಾರಿನ ದನಿ ಹಿಗ್ಗಿಸುವ ಆಂಪ್ಲಿಫೈಯರ್, ಕೊಳ್ಳಬೇಕೆಂದಿದ್ದೇನೆ. ನಕ್ಷೆ ಅದೇ ಆಗಿರುವಾಗ ದನಿಯೂ ಅದೇ ಬರಬೇಕಲ್ಲವೇ?

ಉತ್ತರ: ತುಂಬ ಹತ್ತಿರ ಬರಬಹುದು. ಆದರೆ ನಕ್ಷೆಯೊಂದರಿಂದಲೇ ಅದು ಆಗುವುದಿಲ್ಲ. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ಹುಟ್ಟಿದ ಜೆಟಿಎಂ45 ಆಂಪ್ ಫೆಂಡರ್‌ನದೇ ಇನ್ನೊಂದು ಆಂಪ್ ಆದ ಬೇಸ್‌ಮನ್‌ನ ಸರ್ಕ್ಯೂಟನ್ನು ಬಹುಮಟ್ಟಿಗೆ ಹಾಗೆಯೇ ಎತ್ತಿಕೊಂಡದ್ದು. ಮುಖ್ಯವಾಗಿ ಬದಲಾದವು ಮೊದಲ ಹಂತದ ಟ್ಯೂಬ್, ಟ್ರಾನ್ಸ್‌ಫಾರ್ಮರ್ ಮತ್ತು ಸ್ಪೀಕರ್. ಬೇಸ್‌ಮನ್‌ನಲ್ಲಿ ಹಿಂಬದಿ ತೆರೆದ ಪೆಟ್ಟಿಗೆ, 10 ಅಂಗುಲದ ನಾಲ್ಕು ಸ್ಪೀಕರ್. ಮಾರ್ಷಲ್‌ಗೆ ಹೆಸರು ತಂದದ್ದು ಪೂರ್ತಿ ಮುಚ್ಚಿದ ಪೆಟ್ಟಿಗೆ, 12 ಅಂಗುಲದ ನಾಲ್ಕು ಸ್ಪೀಕರ್. ಅಷ್ಟಕ್ಕೇ ಅವೆರಡೂ ಬೇರೆ ಬೇರೆ ಮನೆತನಗಳಾದವು.

ನೀವು ಮೆಚ್ಚಿದ ಡಿಲಕ್ಸ್, ಅಂದರೆ 5ಇ3 ನಕ್ಷೆ, ಬಹಳ ಸರಳವಾದದ್ದು. ದನಿಯನ್ನು ಹಿಗ್ಗಿಸಲು 6ವಿ6 ಟ್ಯೂಬ್ ಎರಡು, ಅವಕ್ಕೂ ಮೊದಲು ಎರಡು ಚಿಕ್ಕ ಟ್ಯೂಬ್, ಮನೆಯ ವಿದ್ಯುತ್ತನ್ನು ಏಕಮುಖವಾಗಿಸಲು 5ವೈ3 ರೆಕ್ಟಿಫೈಯರ್ ಟ್ಯೂಬ್ ಒಂದು. ಈ ಕೊನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ತಂತಿಯನ್ನು ಬಲವಾಗಿ ಮೀಟಿದ ಕ್ಷಣ 6ವಿ6ಗಳು ಹೆಚ್ಚು ಕರೆಂಟ್ ಎಳೆಯುತ್ತವೆ. 5ವೈ3 ಅದನ್ನು ಥಟ್ಟನೆ ಒದಗಿಸಲಾರದು. ವೋಲ್ಟೇಜ್ ಕುಸಿದು ಮತ್ತೆ ಮೇಲೇಳುತ್ತದೆ. ಸ್ವರದ ಮೊದಲ ಪೆಟ್ಟು ಮೆತ್ತಗಾಗಿ, ಮರುಕ್ಷಣ ದನಿ ತುಂಬಿಕೊಳ್ಳುತ್ತದೆ. ಹಳೆಯ ಆಂಪ್ ಬೆರಳಿಗೆ ಮಣಿಯುತ್ತದೆ ಎಂದು ವಾದಕರು ಹೇಳುವುದು ಇದನ್ನೇ. ಆ ಜಾಗದಲ್ಲಿ ಸಿಲಿಕಾನ್ ಡಯೋಡ್ ಹಾಕಿದರೆ ಆಂಪ್ ಗಟ್ಟಿಯಾಗಿ, ಚುರುಕಾಗಿ ನುಡಿಯುತ್ತದೆ, ಆದರೆ ಆ ಮಣಿಯುವಿಕೆಯ ಬಹುಪಾಲು ಹೋಗಿಬಿಡುತ್ತದೆ.

ರೆಕ್ಟಿಫೈಯರ್ ಆದ ಮೇಲೆ ಎರಡನೆಯದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅಂದರೆ ಟ್ಯೂಬ್‌ಗಳ ದನಿಯನ್ನು ಸ್ಪೀಕರಿಗೆ ದಾಟಿಸುವ ಭಾಗ. ನಕ್ಷೆಯಲ್ಲಿ ಅದು ಎರಡು ಸುರುಳಿ ಗೆರೆ ಮಾತ್ರ. ಕಬ್ಬಿಣದ ಪಟ್ಟಿಗಳ ಗಾತ್ರವೆಷ್ಟು, ತಂತಿಯನ್ನು ಯಾವ ಕ್ರಮದಲ್ಲಿ ಸುತ್ತಿದ್ದಾರೆ ಎಂಬುದನ್ನು ಗೆರೆ ಹೇಳುವುದಿಲ್ಲ. ಚಿಕ್ಕ ಕಬ್ಬಿಣ ತಗ್ಗು ಸ್ವರಗಳಲ್ಲಿ ಬೇಗ ತನ್ನ ಕಾಂತೀಯ ಮಿತಿ ಮುಟ್ಟಿ ಮಂದ್ರವನ್ನು ಮೊಂಡಾಗಿಸುತ್ತದೆ. ದೊಡ್ಡದು ಬಿಗಿಯಾಗಿ ಹಿಡಿದಿಡುತ್ತದೆ. ಮನಸ್ಸಿಟ್ಟು ಕೆಲಸ ಮಾಡುವ ಸಣ್ಣ ತಯಾರಕರು ಹಳೆಯ ಟ್ರಾನ್ಸ್‌ಫಾರ್ಮರ್‌ಗಳನ್ನು ಅಳೆದು ಅದೇ ಬಗೆಯಲ್ಲಿ ಸುತ್ತಿಸುತ್ತಾರೆ. ನನ್ನ ಮಟ್ಟಿಗೆ, ಹೆಚ್ಚಿನ ಹಣ ಕೊಡಲು ಇದಕ್ಕಿಂತ ಒಳ್ಳೆಯ ಕಾರಣವಿಲ್ಲ. ಅರವತ್ತು ವರ್ಷ ಹಳೆಯ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಬಿಡಿಭಾಗ) ಹುಡುಕಿ ಹಾಕಿದ್ದೇವೆ ಎಂಬ ಮಾತಿಗೆ ಮಾತ್ರ ನಾನು ಮಾರುಹೋಗುವುದಿಲ್ಲ. ವಿದ್ಯುತ್ ಪೂರೈಕೆಯಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಂತೂ ವರ್ಷಗಳು ಕಳೆದಂತೆ ಒಣಗುತ್ತವೆ. ಅವು ಹೊಸವೇ ಇರಬೇಕು.

ಹೊಸದಾಗಿ ಕಟ್ಟುವುದರಲ್ಲಿ ಇನ್ನೊಂದು ಲಾಭವೂ ಇದೆ. ಅಂದಿನ ಅಮೆರಿಕದ ಆಂಪ್‌ಗಳು 110ರಿಂದ 117 ವೋಲ್ಟ್ ಲೆಕ್ಕದಲ್ಲಿ ತಯಾರಾದವು. ಈಗ ಅಲ್ಲಿ ಗೋಡೆಯಿಂದ 120 ವೋಲ್ಟ್ ಬರುವುದರಿಂದ ಒಳಗಿನ ವೋಲ್ಟೇಜುಗಳೆಲ್ಲ ಏರಿ ಹಳೆಯ ಆಂಪ್ ತನ್ನ ಮೂಲ ದನಿಯಿಂದ ತುಸು ಸರಿಯುತ್ತದೆ. ಇಂದಿನ ವಿದ್ಯುತ್ತಿಗೆ ತಕ್ಕಂತೆ ಸುತ್ತಿದ ಹೊಸ ಪವರ್ ಟ್ರಾನ್ಸ್‌ಫಾರ್ಮರ್ ಕೆಲವೊಮ್ಮೆ ಮೂಲಕ್ಕೆ ಹೆಚ್ಚು ನಿಷ್ಠವಾಗಿರುತ್ತದೆ.

ಈ ಡಿಲಕ್ಸ್ ಕೊಡುವ ಸುಮಾರು 12 ವ್ಯಾಟ್ ಸಾಲದೆಂಬ ಅಳುಕು ಬೇಡ. ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಕೊಳ್ಳುವ ಮೊದಲು ಆಂಪ್‌ನ ವಾಲ್ಯೂಮನ್ನು ಮುಕ್ಕಾಲು ಪಾಲಿಗೆ ಏರಿಸಿ. ಒಂದೇ ತಂತಿಯನ್ನು ಮೊದಲು ಮೃದುವಾಗಿ, ಆಮೇಲೆ ಬಲವಾಗಿ ಮೀಟಿ. ನಂತರ ಗಿಟಾರಿನ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ ಮತ್ತೆ ನುಡಿಸಿ. ಒರಟುತನ ಕರಗಿ ದನಿ ತಿಳಿಯಾಗಬೇಕು, ಆದರೆ ಮಂಕಾಗಬಾರದು.