ಎಣ್ಣೆ ಕಲೆಗೆ ಮೊದಲು ನೀರು ಹಾಕಬೇಡಿ

ಮದುವೆ ಸೀಸನ್ ಶುರುವಾದರೆ ನಮ್ಮ ಡ್ರೈಕ್ಲೀನಿಂಗ್ ಅಂಗಡಿಗೆ ಬರುವ ರೇಷ್ಮೆ ಸೀರೆಗಳಲ್ಲಿ ಎಣ್ಣೆ, ತುಪ್ಪದ ಕಲೆಗಳದ್ದೇ ಮೇಲುಗೈ. ಒಬ್ಬಟ್ಟಿಗೆ ಬಡಿಸುವಾಗ ಚೆಲ್ಲಿದ ತುಪ್ಪ, ಆರತಿ ತಟ್ಟೆಯಿಂದ ಸೆರಗಿಗೆ ಸೋರಿದ ದೀಪದೆಣ್ಣೆ, ಜಡೆ ತಾಗಿ ತಾಗಿ ಕುಪ್ಪಸದ ಬೆನ್ನಿಗೆ ಹಿಡಿದ ಜಿಡ್ಡು. ಇವುಗಳಲ್ಲಿ ಬಹುಪಾಲು ಹೋಗುವಂಥ ಕಲೆಗಳೇ. ನಮ್ಮ ಕೈ ಕಟ್ಟಿಹಾಕುವುದು ಎರಡು ಬಗೆಯ ಸೀರೆ ಮಾತ್ರ: ಕಲೆ ಬಿದ್ದ ಕೂಡಲೇ ಒದ್ದೆ ಕರವಸ್ತ್ರದಿಂದ ತಿಕ್ಕಿದ್ದು, ಮತ್ತು ಕಲೆಯ ಮೇಲೇ ಇಸ್ತ್ರಿ ಎಳೆದದ್ದು.

ತಿಕ್ಕಿದರೆ ಏನಾಗುತ್ತದೆ? ನೀರಿಗೆ ಎಣ್ಣೆ ಕರಗುವುದಿಲ್ಲ, ಹಾಗಾಗಿ ಕಲೆ ಅಲ್ಲೇ ಇರುತ್ತದೆ. ಆದರೆ ನೀರು ಕುಡಿದ ರೇಷ್ಮೆ ಎಳೆ ಮೆತ್ತಗಾಗಿ, ಉಜ್ಜಿದಾಗ ಸೀಳುತ್ತದೆ. ಒಣಗಿದ ಮೇಲೆ ಆ ಜಾಗ ಬಿಳಿಚಿಕೊಂಡು ಹೊಳಪು ಕಳೆದುಕೊಳ್ಳುತ್ತದೆ. ಅದು ಕಲೆಯಲ್ಲ, ಬಟ್ಟೆಗೇ ಆದ ಗಾಯ; ಯಾವ ಅಂಗಡಿಯವರೂ ಸರಿಪಡಿಸಲಾರರು. ಮೈಸೂರು ರೇಷ್ಮೆಯ ಕ್ರೇಪ್‌ನಲ್ಲಂತೂ ಬಿಗಿಯಾಗಿ ಹುರಿ ಮಾಡಿದ ನೂಲಿರುವುದರಿಂದ ನೀರು ಬಿದ್ದ ಕಡೆ ನೂಲು ಉಬ್ಬಿ, ಬಟ್ಟೆ ಅಷ್ಟು ಜಾಗದಲ್ಲಿ ಮಾತ್ರ ಸೆಳೆದುಕೊಳ್ಳುತ್ತದೆ.

ರೇಷ್ಮೆಯ ಮೇಲೆ ಎಣ್ಣೆ ಬಿದ್ದರೆ ಮಾಡಬೇಕಾದ್ದು ಇಷ್ಟೇ. ಒಣ ಬಿಳಿ ಹತ್ತಿ ಬಟ್ಟೆಯನ್ನು ಕಲೆಯ ಮೇಲೆ ಒತ್ತಿ ಎತ್ತಿ, ಉಜ್ಜಬೇಡಿ. ಕೆಳಗೂ ಒಂದು ಬಟ್ಟೆ ಇಟ್ಟು, ಮೇಲೆ ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆತ್ತನೆ ಬ್ರಷ್‌ನಿಂದ ಕೊಡವಿ, ಇನ್ನೂ ಜಿಡ್ಡು ಕಂಡರೆ ಹೊಸ ಪೌಡರ್ ಹಾಕಿ. ಕಡಲೆಹಿಟ್ಟು ಹಾಕುವ ರೂಢಿ ಹಲವು ಮನೆಗಳಲ್ಲಿದೆ. ರೇಷ್ಮೆಗೆ ಅದು ಬೇಡ ಎನ್ನುತ್ತೇನೆ: ಅದರಲ್ಲಿ ಅದರದೇ ಜಿಡ್ಡೂ ಹಳದಿಯೂ ಇದೆ, ಮಡಿಕೆಯಲ್ಲಿ ಉಳಿದ ಹಿಟ್ಟಿಗೆ ಹುಳ ಬರುತ್ತದೆ. ಆಮೇಲೆ ಸೀರೆಯನ್ನು ಡ್ರೈಕ್ಲೀನಿಂಗ್‌ಗೆ ಕೊಡಿ. ನಾವು ಬಳಸುವ ದ್ರಾವಕದಲ್ಲಿ ಎಣ್ಣೆ ಕರಗುತ್ತದೆ, ರೇಷ್ಮೆ ಎಳೆ ನೀರಿನಲ್ಲಿ ಉಬ್ಬಿದಂತೆ ಉಬ್ಬುವುದಿಲ್ಲ. ಇದನ್ನೇ ಮನೆಯಲ್ಲಿ ಪೆಟ್ರೋಲ್‌ನಿಂದ ಮಾಡಲು ದಯವಿಟ್ಟು ಹೋಗಬೇಡಿ. ಪೆಟ್ರೋಲ್ ಆವಿ ನೆಲದ ಮಟ್ಟದಲ್ಲೇ ಹರಿದು, ಪಕ್ಕದ ಕೋಣೆಯ ಒಲೆಯಿಂದಲೂ ಬೆಂಕಿ ಹತ್ತಿಸಿಕೊಳ್ಳುತ್ತದೆ.

ಇನ್ನು ಇಸ್ತ್ರಿ. ಇಲ್ಲಿ ಯಾವ ಎಣ್ಣೆ ಎನ್ನುವುದು ಮುಖ್ಯ. ಸೂರ್ಯಕಾಂತಿ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುವ ಜಾತಿಯದು. ಬಿಸಿ ತಾಗಿದರೆ ಈ ಕೆಲಸ ಬೇಗ ನಡೆಯುತ್ತದೆ. ಹಾಗೆ ಗಟ್ಟಿಯಾದದ್ದು ಮೊದಲಿನ ಎಣ್ಣೆಯೇ ಅಲ್ಲ, ಎಳೆಗೆ ಅಂಟಿದ ಹಳದಿ ವಾರ್ನಿಷ್. ಸೋಪಿಗೂ ಜಗ್ಗುವುದಿಲ್ಲ, ನಮ್ಮ ದ್ರಾವಕಕ್ಕೂ ಜಗ್ಗುವುದಿಲ್ಲ. ಕಲೆಯೇ ಕಾಣದ ಸೀರೆಯನ್ನು ಬೀರುವಿನಲ್ಲಿಟ್ಟು ವರ್ಷದ ಮೇಲೆ ತೆಗೆದಾಗ ಹಳದಿ ಮಚ್ಚೆ ಕಾಣುವುದಕ್ಕೂ ಇದೇ ಕಾರಣ. ತೆಂಗಿನೆಣ್ಣೆಯಲ್ಲಿ ಶೇ. 90ರಷ್ಟು ಪರ್ಯಾಪ್ತ ಕೊಬ್ಬು ಇರುವುದರಿಂದ ಅದು ಹೀಗೆ ಸುಲಭಕ್ಕೆ ಕೆಡುವುದಿಲ್ಲ. ಅದರ ತೊಂದರೆ ಬೇರೆ: ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ತಣ್ಣನೆ ನಲ್ಲಿ ನೀರಿನಲ್ಲಿ ದಿಂಬಿನ ಕವರ್ ಒಗೆದರೆ ತಲೆಗೆ ಹಚ್ಚಿದ ಎಣ್ಣೆ ಹೋಗದಿರುವುದು ಅದಕ್ಕೇ. ತುಪ್ಪಕ್ಕೂ ಇದೇ ಮಾತು.

ಹತ್ತಿ ಬಟ್ಟೆಗೆ ಇಷ್ಟು ಹೆದರಬೇಕಿಲ್ಲ. ಪಂಚೆ, ಟವೆಲ್, ಬೆಡ್‌ಶೀಟ್, ಟೇಬಲ್ ಕ್ಲಾತ್ ಯಾವುದೇ ಇರಲಿ, ಒಣಗಿರುವಾಗಲೇ ಕಲೆಯ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ಬೆರಳಿನಿಂದ ಹರಡಿ. ಒದ್ದೆ ಮಾಡಿಬಿಟ್ಟರೆ ಎಳೆಗಳ ಸಂದಿಯಲ್ಲಿ ನೀರು ಕೂತು, ಲಿಕ್ವಿಡ್ ತೆಳುವಾಗುತ್ತದೆ. ಲಿಕ್ವಿಡ್‌ನ ಕಣಕ್ಕೆ ಒಂದು ತುದಿ ಎಣ್ಣೆ ಹಿಡಿಯುವುದು, ಇನ್ನೊಂದು ನೀರು ಹಿಡಿಯುವುದು. ಎಣ್ಣೆ ಹಿಡಿಯಲು ಅದಕ್ಕೆ ಹದಿನೈದು ನಿಮಿಷ ಕೊಡಿ, ಆಮೇಲೆ ಕೈಗೆ ಹಿತವಾಗುವಷ್ಟು ಬಿಸಿ ನೀರಿನಲ್ಲಿ ಬಟ್ಟೆಯ ಹಿಂಬದಿಯಿಂದ ಜಾಲಿಸಿ. ಬಣ್ಣದ ಬಟ್ಟೆಯಾದರೆ ಮೊದಲು ಒಳ ಮಡಿಕೆಯಲ್ಲಿ ಪರೀಕ್ಷಿಸಿ. ಬೋರ್‌ವೆಲ್ ನೀರಿನ ಮನೆಯವರು ಬಾರ್ ಸೋಪು ಬಿಟ್ಟು ಲಿಕ್ವಿಡ್ ಅಥವಾ ಡಿಟರ್ಜೆಂಟ್ ಪುಡಿಯನ್ನೇ ಬಳಸಿ. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೋಪು ಸೇರಿದರೆ ಬೂದು ಬಣ್ಣದ ಚರಟ ಬಟ್ಟೆಗೇ ಅಂಟುತ್ತದೆ.

ಪಾಲಿಯೆಸ್ಟರ್ ಇದಕ್ಕಿಂತ ಹಟಮಾರಿ. ಹತ್ತಿಗೆ ನೀರು ಇಷ್ಟ, ಪಾಲಿಯೆಸ್ಟರ್‌ಗೆ ಎಣ್ಣೆ ಇಷ್ಟ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಲಿಕ್ವಿಡ್ ಹಾಕಿ ಹೆಚ್ಚು ಹೊತ್ತು ಬಿಡಿ. ಎನ್‌ಜೈಮ್ ಇರುವ ಡಿಟರ್ಜೆಂಟ್‌ಗಳೂ ಇಲ್ಲಿ ನೆರವಾಗುತ್ತವೆ. ಅವುಗಳಲ್ಲಿನ ಲೈಪೇಸ್ ಕೊಬ್ಬನ್ನು ಒಡೆಯುತ್ತದೆ, ಆದರೆ ನೆನೆಹಾಕಿ ಸಮಯ ಕೊಡಬೇಕು. ಆ ಪುಡಿಗಳನ್ನು ರೇಷ್ಮೆ, ಉಣ್ಣೆಗೆ ಮಾತ್ರ ತಾಗಿಸಬೇಡಿ. ಅವೆರಡೂ ಪ್ರೋಟೀನ್, ಜೊತೆಗಿರುವ ಪ್ರೋಟಿಯೇಸ್ ಅವನ್ನೇ ತಿನ್ನುತ್ತದೆ.

ಸಾಂಬಾರ್, ಉಪ್ಪಿನಕಾಯಿ ಕಲೆಗೆ ಸೋಪು ಹಚ್ಚಿದ ಕೂಡಲೇ ಕೆಂಪಾಗುವುದನ್ನು ಕಂಡು ಗಾಬರಿಯಾಗಿ ಬಂದವರು ಬಹಳ. ಅರಿಸಿನದ ಕುರ್ಕ್ಯುಮಿನ್ ಕ್ಷಾರ ತಾಗಿದರೆ ಹಾಗೆ ಬಣ್ಣ ಬದಲಿಸುತ್ತದೆ, ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೇ ಬರುತ್ತದೆ. ಕುರ್ಕ್ಯುಮಿನ್ ಎಣ್ಣೆಯಲ್ಲಿ ಕರಗಿ ಕೂತಿರುವುದರಿಂದ ಮೊದಲು ಜಿಡ್ಡು ತೆಗೆಯಬೇಕು. ಉಳಿದ ಹಳದಿಗೆ ಬಿಸಿಲಿಗಿಂತ ಒಳ್ಳೆಯ ಮದ್ದಿಲ್ಲ. ಬಿಳಿ ಹತ್ತಿ ಬಟ್ಟೆಯನ್ನು ಒದ್ದೆಯಾಗಿಯೇ ಎರಡು ಮೂರು ದಿನ ಬಿಸಿಲಿಗೆ ಹರವಿ, ಬಣ್ಣ ತಾನಾಗಿ ಇಳಿಯುತ್ತದೆ.

ಬೈಕ್ ಚೈನಿನ ಗ್ರೀಸ್ ಪ್ಯಾಂಟಿಗೆ ಹತ್ತಿದರೆ ಸೀಮೆಎಣ್ಣೆ ಬೇಡ, ಬೆಂಕಿಯ ಭಯವೂ ವಾಸನೆಯೂ ಉಳಿಯುತ್ತವೆ. ಚಮಚದ ಅಂಚಿನಿಂದ ಹೆರೆದು, ಉಳಿದದ್ದಕ್ಕೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ಸಡಿಲಿಸಿ, ಒಣ ಬಟ್ಟೆಯಿಂದ ಒತ್ತಿ ತೆಗೆದು, ಆಮೇಲೆ ಹತ್ತಿಗೆ ಹೇಳಿದಂತೆಯೇ ಮಾಡಿ. ಕರಿ ಬಣ್ಣ ಬಂದಿರುವುದು ಲೋಹದ ಪುಡಿ ಮತ್ತು ಧೂಳಿನಿಂದ. ಗ್ರೀಸ್ ಸಡಿಲವಾದರೆ ಅವೂ ಬಹುಪಾಲು ಜೊತೆಗೆ ಹೊರಡುತ್ತವೆ.

ಅಭ್ಯಂಜನದ, ಮಸಾಜಿನ ಟವೆಲ್‌ಗಳ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ಎಳ್ಳೆಣ್ಣೆ ಪೂರ್ತಿ ಹೋಗದ ಟವೆಲ್‌ಗಳನ್ನು ಡ್ರೈಯರ್‌ನಲ್ಲಿ ಒಣಗಿಸಿ ಬಿಸಿಯಾಗಿಯೇ ರಾಶಿ ಹಾಕಿದರೆ, ಒಳಗಿನ ಎಣ್ಣೆ ಆಮ್ಲಜನಕದ ಜೊತೆ ಸೇರುತ್ತಾ ಇನ್ನಷ್ಟು ಬಿಸಿಯಾಗಿ, ಕಿಡಿಯೇ ಇಲ್ಲದೆ ಹೊತ್ತಿಕೊಳ್ಳಬಹುದು. ಲಾಂಡ್ರಿಗಳಲ್ಲಿ ಹೀಗೆ ಬೆಂಕಿ ಬಿದ್ದದ್ದಿದೆ. ಆಯುರ್ವೇದ ಕೇಂದ್ರ, ಸ್ಪಾ ನಡೆಸುವವರು, ಮನೆಯಲ್ಲಿ ಬಾಣಂತಿ ಆರೈಕೆ ಮಾಡುವವರು ಇಂಥ ಟವೆಲ್‌ಗಳನ್ನು ಬೇರೆಯಾಗಿ ಬಿಸಿ ನೀರಿನಲ್ಲಿ ಒಗೆದು ಹಗ್ಗದ ಮೇಲೆ ಒಣಗಿಸಿ. ಡ್ರೈಯರ್ ಬಳಸಲೇಬೇಕಾದರೆ ಕೊನೆಗೆ ತಣ್ಣನೆ ಗಾಳಿಯಲ್ಲಿ ತಿರುಗಲು ಬಿಟ್ಟು, ಪೂರ್ತಿ ಆರಿದ ಮೇಲಷ್ಟೇ ಮಡಿಸಿಡಿ.