ಗುತ್ಯಪ್ಪ ಗುತ್ತಿಗೆಯಾಗುವುದೇಕೆ: ಫೋನಿನಲ್ಲಿ ಹೇಳಿದ ಹೆಸರು ಬರಹವಾಗುವ ದಾರಿ

ಸೊರಬದ ಕಡೆಯ ಒಂದು ಮನೆಯಿಂದ ಫೋನು ಬಂದಿದೆ ಅಂದುಕೊಳ್ಳಿ. ಹೊರಗೆ ಆಷಾಢದ ಮಳೆ, ತಲೆಯ ಮೇಲೆ ತಗಡಿನ ಮಾಡು. ಆ ಕಡೆಯಿಂದ, ದನಿ ಕೇಳಿ ಬರೆದುಕೊಳ್ಳುವ ಯಂತ್ರ "ನಿಮ್ಮ ಹೆಸರು ಹೇಳಿ" ಎನ್ನುತ್ತದೆ. "ಡಿ.ಎಸ್. ಗುತ್ಯಪ್ಪ ಅಂತ ಕಣ್ರೀ" ಎಂದು ಇವರು ಹೇಳುತ್ತಾರೆ. ಪರದೆಯ ಮೇಲೆ ಮೂಡುವುದು "ಬಿ ಎಫ್ ಗುತ್ತಿಗೆ ಪಂತ".

ಇಂಥ ಸಾಲು ನೋಡಿದವರು ಯಂತ್ರಕ್ಕೆ ಕನ್ನಡ ಬರುವುದಿಲ್ಲ ಎಂದು ಅದನ್ನು ಪಕ್ಕಕ್ಕಿಡುತ್ತಾರೆ. ನಿಜವಾಗಿ ಇಲ್ಲಿ ಒಂದಲ್ಲ, ನಾಲ್ಕು ಬೇರೆ ಬೇರೆ ತಪ್ಪುಗಳಿವೆ. ಡಿ ಹೋಗಿ ಬಿ ಆದದ್ದಕ್ಕೆ ಒಂದು ಕಾರಣ, ಎಸ್ ಹೋಗಿ ಎಫ್ ಆದದ್ದಕ್ಕೆ ಇನ್ನೊಂದು, ಗುತ್ತಿಗೆಗೆ ಮತ್ತೊಂದು, ಕೊನೆಯ ಪಂತಕ್ಕೆ ಬೇರೆಯದೇ. ಒಂದೊಂದಕ್ಕೂ ಅದರದೇ ಇತಿಹಾಸವಿದೆ, ಅದರದೇ ಪರಿಹಾರವೂ ಇದೆ. ಎಲ್ಲದರ ಬುಡದಲ್ಲಿರುವ ಸಂಗತಿ ಒಂದೇ: ನಂಬುವ ಹಾಗೆ ಹೆಸರು ಬರೆದುಕೊಟ್ಟ ಯಂತ್ರಗಳೆಲ್ಲ ಒಂದು ಪಟ್ಟಿಯನ್ನು ಮುಂದಿಟ್ಟುಕೊಂಡು, ಕೇಳಿದ ದನಿಗೆ ಹತ್ತಿರವಾದದ್ದನ್ನು ಅದರಿಂದ ಆರಿಸಿಕೊಂಡಿವೆ. ಪಟ್ಟಿ ಸರಿಯಿಲ್ಲದಿದ್ದರೆ ಕಿವಿ ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ.

ದೂರವಾಣಿ ಶುರುವಾದದ್ದೇ ಹೆಸರಿನಿಂದ. ಮೊದಮೊದಲು ನಂಬರುಗಳಿರಲಿಲ್ಲ, ಆಪರೇಟರಿಗೆ ಇಂಥವರ ಮನೆ ಬೇಕು ಎಂದರೆ ಸಾಕಿತ್ತು. 1879ರಲ್ಲಿ ಅಮೆರಿಕದ ಲೋವೆಲ್ ಎಂಬ ಊರಿನಲ್ಲಿ ದಡಾರ ಹಬ್ಬಿದಾಗ, ಆಪರೇಟರುಗಳೆಲ್ಲ ಮಲಗಿಬಿಟ್ಟರೆ ಹೊಸಬರಿಗೆ ಯಾವ ತಂತಿ ಯಾರದ್ದೆಂದು ತಿಳಿಯುವುದು ಹೇಗೆ ಎಂಬ ಚಿಂತೆಯಿಂದ ಮೋಸೆಸ್ ಗ್ರೀಲಿ ಪಾರ್ಕರ್ ಎಂಬ ವೈದ್ಯರು ಚಂದಾದಾರರಿಗೆ ನಂಬರು ಕೊಡುವ ಸಲಹೆ ಮಾಡಿದರು. ಮುಂದೆ ತಾನಾಗಿ ಜೋಡಿಸುವ ವಿನಿಮಯ ಕೇಂದ್ರಗಳು ಬಂದ ಮೇಲೆ ಹೆಸರಿನ ಕೆಲಸ ಪೂರ್ತಿ ನಂಬರಿನದಾಯಿತು. ನಮ್ಮ ಹಳ್ಳಿಗಳಿಗೆ ಈ ಬದಲಾವಣೆ ತಲುಪಿದ್ದು ಬಹಳ ತಡವಾಗಿ. ಭಾರತ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ವಿನಿಮಯ ಕೇಂದ್ರ ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಅಲ್ಲಿಯವರೆಗೆ ಹಲವು ಕಡೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು, ಹೆಸರನ್ನು ಕೇಳಿ ಬರೆದುಕೊಳ್ಳುವವರು ಮನುಷ್ಯರೇ ಆಗಿದ್ದರು. ಈಗ ಅದೇ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಹೊರಟಿದ್ದೇವೆ. ಆಪರೇಟರಿನ ತಲೆಯಲ್ಲಿ ಊರಿನ ಪಟ್ಟಿ ಇರುತ್ತಿತ್ತು ಎಂಬುದನ್ನು ಮಾತ್ರ ಮರೆತಿದ್ದೇವೆ.

ಮೊದಲು ಎಸ್ ಏಕೆ ಎಫ್ ಆಯಿತು ಎಂದು ನೋಡೋಣ. ದೂರವಾಣಿಯ ತಂತಿ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ. 1972ರಲ್ಲಿ ಡಿಜಿಟಲ್ ದೂರವಾಣಿಗೆ ಜಿ.711 ಎಂಬ ಮಾನಕ ಬಂದಾಗಲೂ ಇದೇ ಅಳತೆ ಉಳಿಯಿತು: ಸೆಕೆಂಡಿಗೆ 8000 ಸ್ಯಾಂಪಲ್ (ಅಂದರೆ ದನಿಯನ್ನು ಅಷ್ಟು ಸಲ ಅಳೆಯುವುದು), ಒಂದೊಂದಕ್ಕೆ 8 ಬಿಟ್, ಒಟ್ಟು 64 ಕಿಲೋಬಿಟ್. ಮಾತು ಅರ್ಥವಾಗಲು ಇಷ್ಟು ಸಾಲುತ್ತದೆ. ಆದರೆ 'ಸ' ಎನ್ನುವಾಗ ಹಲ್ಲಿನ ಸಂದಿಯಿಂದ ಬರುವ ಸೀಳುದನಿಯ ಬಲವೆಲ್ಲ 4000 ಹರ್ಟ್ಸ್‌ನ ಆಚೆಗಿದೆ. ಅದು ಕತ್ತರಿಸಿಹೋದರೆ ಉಳಿಯುವುದು ಬರೀ ಉಸಿರಿನಂಥ ಸದ್ದು. 'ಫ್' ಕೂಡ ಅಷ್ಟೇ. 'ಶ' ಸ್ವಲ್ಪ ಕೆಳಗಿನ ಆವರ್ತನದಲ್ಲಿರುವುದರಿಂದ ಬದುಕಿಕೊಳ್ಳುತ್ತದೆ. ಲ ಮತ್ತು ಳ ನಡುವಿನ ವ್ಯತ್ಯಾಸವೂ ಬಹುಮಟ್ಟಿಗೆ ಫೋನಿನ ಮಿತಿಯೊಳಗೇ ಇದೆ. ಅಲ್ಲಿ ತಪ್ಪಾದರೆ ದೋಷ ತಂತಿಯದ್ದಾಗಿರುವುದು ಕಡಿಮೆ, ಹೇಳಿದವರ ಉಚ್ಚಾರಣೆಯದೋ ಯಂತ್ರದ ತರಬೇತಿಯದೋ ಆಗಿರುತ್ತದೆ.

ಡಿ ಮತ್ತು ಬಿ ಕಥೆ ಇನ್ನೂ ಸೂಕ್ಷ್ಮ. ಇಂಗ್ಲಿಷ್ ಅಕ್ಷರಗಳಲ್ಲಿ ಬಿ, ಸಿ, ಡಿ, ಇ, ಜಿ, ಪಿ, ಟಿ, ವಿ ಎಲ್ಲವೂ 'ಈ' ಎಂದು ಮುಗಿಯುತ್ತವೆ. ಧ್ವನಿ ಗುರುತಿಸುವ ಕೆಲಸದವರಿಗೆ ಈ ಗುಂಪು ಹಳೆಯ ತಲೆನೋವು. ಕನ್ನಡದ ಹೆಸರಿಗೆ ಇದು ಸಂಬಂಧವಿಲ್ಲ ಎನ್ನುವಂತಿಲ್ಲ, ಊರಿನದೊಂದು ತಂದೆಯದೊಂದು ಇನಿಷಿಯಲ್ ಇಲ್ಲದ ಹೆಸರು ನಮ್ಮಲ್ಲಿ ಅಪರೂಪ. ಬಿ ಮತ್ತು ಡಿ ನಡುವಿನ ವ್ಯತ್ಯಾಸ ಇರುವುದು ಮೊದಲ ಕೆಲವೇ ಹತ್ತು ಮಿಲಿಸೆಕೆಂಡುಗಳಲ್ಲಿ. ಮೊಬೈಲಿನಲ್ಲಿ ದನಿಯನ್ನು ಕುಗ್ಗಿಸಿ ಕಳಿಸುವ ಎಎಂಆರ್ ಎಂಬ ವಿಧಾನ (ಕೊಡೆಕ್) ದನಿಯನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ ಕಳಿಸುತ್ತದೆ. ಅಂಥ ಒಂದು ತುಂಡು ದಾರಿಯಲ್ಲಿ ಕಳೆದರೆ ಹಿಂದಿನ ತುಂಡನ್ನೇ ಎಳೆದು ತೇಪೆ ಹಾಕಲಾಗುತ್ತದೆ. ಆಗ ಕೇಳುವುದು ಬರೀ 'ಈ'. ಒಂದೊಂದು ಇನಿಷಿಯಲ್ಲಿಗೆ ನಾಲ್ಕು ಅನುಮಾನವಿದ್ದರೂ ಎರಡಕ್ಕೆ ಹದಿನಾರು ಆಗುತ್ತವೆ.

ಮಲೆನಾಡಿನಲ್ಲಿ ಇದು ಇನ್ನೂ ಹೆಚ್ಚು. ಗುಡ್ಡದ ಮರೆಯ ಮನೆಗೆ ಸಿಗ್ನಲ್ ಕುಂದಿದಾಗ ಈ ಕೊಡೆಕ್ ಸೆಕೆಂಡಿಗೆ 12.2 ಕಿಲೋಬಿಟ್‌ನಿಂದ 4.75ರವರೆಗೂ ಇಳಿಯಬಲ್ಲದು. ಜತೆಗೆ ಅದು ಮನುಷ್ಯನ ಗಂಟಲು, ಬಾಯಿಯ ಮಾದರಿಯನ್ನು ಲೆಕ್ಕವಿಟ್ಟು ದನಿಯನ್ನು ಕುಗ್ಗಿಸುತ್ತದೆ. ತಗಡಿನ ಮೇಲೆ ಬೀಳುವ ಮಳೆಗೆ ಗಂಟಲಿಲ್ಲವಲ್ಲ, ಅದನ್ನೂ ಮಾತಿನ ಅಚ್ಚಿಗೆ ತುರುಕಲು ಹೋಗಿ ಎರಡೂ ಕೆಡುತ್ತವೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆಯಿಂದ ಬರುವ ಕರೆಗಳಿಗಾಗಿ ವ್ಯವಸ್ಥೆ ಕಟ್ಟುವವರು ಬೇಸಿಗೆಯಲ್ಲಿ ಪರೀಕ್ಷೆ ಮುಗಿಸಿದರೆ ಅದು ಪರೀಕ್ಷೆಯೇ ಅಲ್ಲ. 4ಜಿ ಜಾಲದ ಮೇಲೆಯೇ ಸಾಗುವ ವೋಲ್ಟೆ ಕರೆಯಲ್ಲಿ 50ರಿಂದ 7000 ಹರ್ಟ್ಸ್‌ವರೆಗೆ ದನಿ ಸಾಗುವುದರಿಂದ ಸ ಮತ್ತು ಫ ಗೊಂದಲ ಬಹಳ ಕಡಿಮೆಯಾಗುತ್ತದೆ. ಆದರೆ ಕರೆ ಹೋಗುವ ದಾರಿಯಲ್ಲಿ ಒಂದೇ ಒಂದು ಹಳೆಯ ಕೊಂಡಿ ಇದ್ದರೂ ದನಿ ಮತ್ತೆ 3400ಕ್ಕೇ ಬಂದು ನಿಲ್ಲುತ್ತದೆ.

ಇನ್ನು ಗುರುತಿಸುವ ಯಂತ್ರದ ಕಡೆಗೆ ಬರೋಣ. 1952ರಲ್ಲಿ ಬೆಲ್ ಪ್ರಯೋಗಾಲಯದ 'ಆಡ್ರಿ' ಹತ್ತು ಅಂಕಿಗಳನ್ನು ಗುರುತಿಸಿತು, ಅದೂ ತನಗೆ ಒಗ್ಗಿಸಿಕೊಂಡ ದನಿಯಾದರೆ ಮಾತ್ರ ಚೆನ್ನಾಗಿ. ಹತ್ತೇ ಪದಗಳ ಪಟ್ಟಿ. ಮುಂದೆ ಒಬ್ಬರು ಎಳೆದು, ಇನ್ನೊಬ್ಬರು ಅವಸರದಲ್ಲಿ ಹೇಳಿದ ಒಂದೇ ಪದವನ್ನು ಹಿಗ್ಗಿಸಿ ಕುಗ್ಗಿಸಿ ಹೋಲಿಸುವ ಲೆಕ್ಕಾಚಾರ ಬಂತು. 1968ರಲ್ಲಿ ಸೋವಿಯತ್ ಒಕ್ಕೂಟದ ವಿನ್‌ಟ್ಸುಕ್, 1978ರಲ್ಲಿ ಜಪಾನಿನ ಸಕೋಯೆ ಮತ್ತು ಚಿಬಾ ಇದನ್ನು ಬೆಳೆಸಿದರು. ಹಳೆಯ ಮೊಬೈಲುಗಳಲ್ಲಿ ಮನೆಯವರ ಹೆಸರನ್ನು ಒಮ್ಮೆ ಹೇಳಿ ಉಳಿಸಿಕೊಂಡು, ಆಮೇಲೆ ಹೇಳಿದರೆ ಕರೆ ಹೋಗುತ್ತಿದ್ದದ್ದು ಇದೇ ಬಗೆಯ ಹೋಲಿಕೆಯಿಂದ. ಆದರೆ ಪ್ರತಿ ಹೆಸರನ್ನೂ ಮೊದಲೇ ಹೇಳಿಸಿಡಬೇಕು ಎಂದರೆ ಸಾವಿರ ಸದಸ್ಯರ ಸೊಸೈಟಿಗೆ ಆಗದ ಮಾತು. 1970ರ ದಶಕದಲ್ಲಿ ಐಬಿಎಂನಲ್ಲಿ ಜೆಲಿನೆಕ್ ಅವರ ತಂಡ, ಕಾರ್ನೆಗಿ ಮೆಲನ್‌ನಲ್ಲಿ ಜೇಮ್ಸ್ ಬೇಕರ್ ಸಂಭವನೀಯತೆಯ ಮಾದರಿಗಳನ್ನು ತಂದ ಮೇಲೆ ದಾರಿ ತೆರೆಯಿತು. ಪದದ ಬದಲು ಕ್, ತ್, ಅ, ಉ ಎಂಬ ಬಿಡಿ ದನಿಗಳಿಗೆ ಮಾದರಿ ಕಟ್ಟಿದರೆ, ಯಾರೂ ಎಂದೂ ರೆಕಾರ್ಡ್ ಮಾಡದ ಹೆಸರನ್ನೂ ದನಿಗಳ ಸರವಾಗಿ ಪಟ್ಟಿಗೆ ಸೇರಿಸಬಹುದು. ಹೆಸರಿನ ಮಟ್ಟಿಗೆ ಇಷ್ಟು ದೊಡ್ಡ ತಿರುವು ಇನ್ನೊಂದಿಲ್ಲ.

"ಅಂತ ಕಣ್ರೀ"ಯಂಥ ಹೆಚ್ಚುವರಿ ಮಾತು ಯಂತ್ರವನ್ನು ಕೆಡಿಸುತ್ತದೆ ಎಂಬ ಪಾಠವನ್ನು ಜಗತ್ತು ಕಲಿತದ್ದು 1992ರ ಸುಮಾರಿಗೆ. ಅಮೆರಿಕದ ಎಟಿ ಅಂಡ್ ಟಿ ದೂರದ ಕರೆಗಳಿಗಾಗಿ ಐದೇ ಐದು ಪದಗಳನ್ನು ಗುರುತಿಸುವ ಸೇವೆ ತಂದಿತು. ಜನ ಆ ಐದನ್ನೇ ಹೇಳಿ ಸುಮ್ಮನಾಗಲಿಲ್ಲ. ಹಿಂದೆ ಮುಂದೆ ಇನ್ನೇನನ್ನೋ ಸೇರಿಸಿದರು. ಬೇಡದ ಮಾತಿಗೂ ಒಂದು ಮಾದರಿ ಕಟ್ಟಿ, ಅದನ್ನು ಸೋಸಿ ಬೇಕಾದ ಪದವನ್ನು ಹೆಕ್ಕುವ ವಿಧಾನ ಅಲ್ಲಿ ಬಳಕೆಗೆ ಬಂತು. ನಮ್ಮಲ್ಲಿ ಸೋಸಿ ತೆಗೆಯಬೇಕಾದ ಹೊಟ್ಟು ಬೇರೆ: ಅಂತ, ಕಣ್ರೀ, ಹಾಂ, ಮಾರಾಯ್ರೆ, "ಅದೇ ತೀರ್ಥಳ್ಳಿ ಹತ್ರ". ಇವನ್ನೆಲ್ಲ ಪಟ್ಟಿಯಲ್ಲಿ ಹೊಟ್ಟು ಎಂದೇ ಬರೆದಿಡಬೇಕು, ಇಲ್ಲದಿದ್ದರೆ ಅವು ಪಂತವೋ ಪಂಥವೋ ಆಗುತ್ತವೆ.

ಕನ್ನಡದಲ್ಲಿ ಫೋನಿನ ಮೇಲೆ ಈ ಕೆಲಸ ನಡೆದಿದೆ. ಕೃಷಿ ಸರಕಿನ ಧಾರಣೆ ಮತ್ತು ಹವಾಮಾನವನ್ನು ಕನ್ನಡದಲ್ಲಿ ಕೇಳಿ ತಿಳಿಯುವ ವ್ಯವಸ್ಥೆಯೊಂದನ್ನು ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದವರು ರೂಪಿಸಿ 2017ರಲ್ಲಿ ಪ್ರಕಟಿಸಿದರು. ಜಿಲ್ಲೆ, ಮಾರುಕಟ್ಟೆ, ಸರಕು ಎಂದು ಹಂತಹಂತವಾಗಿ ಕೇಳುವಾಗ ಒಂದೊಂದು ಹಂತದ ಪಟ್ಟಿಯೂ ಚಿಕ್ಕದು. ಶಿವಮೊಗ್ಗದ ಅಡಿಕೆಯ ಬಗೆಗಳನ್ನೇ ನೋಡಿ: ರಾಶಿ, ಬೆಟ್ಟೆ, ಸರಕು, ಗೊರಬಲು. ಒಂದಕ್ಕೊಂದು ಹೋಲದ ನಾಲ್ಕು ಪದ. ಎಂಥ ಮಳೆಯಲ್ಲೂ ಹೆಚ್ಚು ತಪ್ಪಾಗದು. ಮನುಷ್ಯರ ಹೆಸರು ಹಾಗಲ್ಲ. ರಮಾ ಮತ್ತು ರಾಮ, ಬಸವ ಮತ್ತು ಬಸವ್ವ, ಒಂದು ದೀರ್ಘಕ್ಕೆ, ಒಂದು ಒತ್ತಿಗೆ ಆಳೇ ಬದಲು.

ಗುತ್ಯಪ್ಪ ಗುತ್ತಿಗೆಯಾದದ್ದು ಇತ್ತೀಚಿನ ಕಾಯಿಲೆ. 2012ರ ಹೊತ್ತಿಗೆ ಆಳವಾದ ನರಜಾಲಗಳು, ಅಂದರೆ ಅಪಾರ ಉದಾಹರಣೆಗಳಿಂದ ತಾವೇ ಕಲಿಯುವ ಕಂಪ್ಯೂಟರ್ ಲೆಕ್ಕಾಚಾರಗಳು, ಹಳೆಯ ಮಾದರಿಗಳನ್ನು ಹಿಂದೆ ಹಾಕಿದವು. 2022ರಲ್ಲಿ ಬಂದ, ದನಿಯನ್ನು ಬರಹವಾಗಿಸುವ 'ವಿಸ್ಪರ್' ಎಂಬ ಯಂತ್ರ 6,80,000 ಗಂಟೆಗಳ ದನಿಯಿಂದ ಕಲಿತದ್ದು, ಕನ್ನಡವೂ ಅದರಲ್ಲಿದೆ. ಇವು ಪಟ್ಟಿಯಿಲ್ಲದೆ ನೇರವಾಗಿ ಬರಹ ಕೊಡುತ್ತವೆ. ಭಾಷಣ, ಸುದ್ದಿಗೆ ಇದು ವರ. ಹೆಸರಿಗೆ ಮಾತ್ರ ಅಪಾಯ, ಏಕೆಂದರೆ ಕಲಿಕೆಯಲ್ಲಿ ಹೆಚ್ಚು ಕಂಡ ಪದದ ಕಡೆಗೇ ಅವು ವಾಲುತ್ತವೆ. ಗುತ್ತಿಗೆ ಪತ್ರಿಕೆಯಲ್ಲಿ ದಿನಾ ಬರುವ ಪದ. ಗುತ್ಯಪ್ಪ, ಚೌಡಪ್ಪ, ಹುಚ್ಚಪ್ಪ ಊರಿನಲ್ಲಿ ತುಂಬಿದ್ದರೂ ಅಂತರ್ಜಾಲದ ಬರಹದಲ್ಲಿ ವಿರಳ. ಜತೆಗೆ ವಿಸ್ಪರ್ 16,000 ಸ್ಯಾಂಪಲ್ಲಿನ ದನಿಯನ್ನು ನಿರೀಕ್ಷಿಸುತ್ತದೆ. ಫೋನಿನ 8000ವನ್ನು ಹಿಗ್ಗಿಸಿ ಕೊಟ್ಟರೂ ಮೇಲಿನ ಅರ್ಧ ಖಾಲಿಯೇ. ಮೌನದಲ್ಲೂ ಏನಾದರೊಂದು ಸಾಲು ಹುಟ್ಟಿಸುವ ಚಾಳಿಯೂ ಅದಕ್ಕಿದೆ.

ಹಾಗಾಗಿ ಹೊಸ ಯಂತ್ರ ಇಟ್ಟುಕೊಂಡರೂ ಹಳೆಯ ಪಟ್ಟಿಗೆ ಮರಳಬೇಕು. ಪಟ್ಟಿ ಕಟ್ಟುವುದೇ ನಿಜವಾದ ಕೆಲಸ. ಹಳೆಯ ಕಡತ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ತರಬೇಕು. ಆಮೇಲೆ ಅಕ್ಷರಗಳು ಕೂಡದಂತೆ ಬಿಡಿಸಿಡುವ, ಕಣ್ಣಿಗೆ ಕಾಣದ ಚಿಹ್ನೆಗಳನ್ನು ತೆಗೆಯಬೇಕು. ಮಂಜುನಾಥ್ ಎಂಬುದರ ಕೊನೆಯಲ್ಲಿ ಅಂಥದ್ದೊಂದು ಉಳಿದಿದ್ದರೆ ಎರಡು ಮಂಜುನಾಥ್‌ಗಳು ಕಂಪ್ಯೂಟರಿಗೆ ಬೇರೆಬೇರೆ. ಕೃಷ್ಣ, ಕ್ರಿಷ್ಣ, ಕ್ರಷ್ಣ ಮೂರನ್ನೂ ಒಂದೇ ಹೆಸರಿಗೆ ಕಟ್ಟಬೇಕು. ಇಂಗ್ಲಿಷ್ ಅಕ್ಷರದ ಪಟ್ಟಿಯಿಂದ ಮಾತ್ರ ಶುರುಮಾಡಬಾರದು: ಕೆ-ಎ-ಎಲ್-ಎ ಎಂದಿದ್ದರೆ ಅದು ಕಲಾ, ಕಾಲ, ಕಾಳ ಯಾವುದೂ ಆಗಬಹುದು, ಹಿಂದಕ್ಕೆ ತಿರುಗಿಸಲು ದಾರಿಯಿಲ್ಲ. ಕನ್ನಡದಲ್ಲೇ ಬರೆದ ಪಟ್ಟಿಯಾದರೆ ಬರೆದದ್ದಕ್ಕೂ ಓದುವುದಕ್ಕೂ ಹೆಚ್ಚು ಅಂತರವಿಲ್ಲ, ಈ ಅನುಕೂಲ ಇಂಗ್ಲಿಷಿಗಿಲ್ಲ. ಆಡುಮಾತಿನ ರೂಪಗಳನ್ನು ಪಕ್ಕದಲ್ಲೇ ಬರೆದಿಡಿ: ತೀರ್ಥಹಳ್ಳಿಗೆ ತೀರ್ಥಳ್ಳಿ, ಹೊಸನಗರಕ್ಕೆ ಹೊಸ್ನಗ್ರ, ಶಿವಮೊಗ್ಗಕ್ಕೆ ಶಿಮೊಗ್ಗ. ಸರ್ಕಾರ 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಶಿವಮೊಗ್ಗ ಎಂದು ಬದಲಿಸಿದರೂ ಬಾಯಲ್ಲಿ ಹಳೆಯದೂ ಉಳಿದಿದೆ.

ದನಿ ಹೋಲುವ ಹೆಸರುಗಳನ್ನು ಒಟ್ಟಿಗಿಡುವ ಉಪಾಯ ಕಂಪ್ಯೂಟರಿಗಿಂತ ಹಳೆಯದು. ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡು ಮಿಕ್ಕ ವ್ಯಂಜನಗಳನ್ನು ಅಂಕಿಗಳಾಗಿಸುತ್ತದೆ. ಕನ್ನಡಕ್ಕೆ ನಮ್ಮದೇ ಮಡಿಕೆ, ಅಂದರೆ ಹೋಲುವ ದನಿಗಳನ್ನು ಒಂದರೊಳಗೆ ಮಡಿಸುವ ಕ್ರಮ ಬೇಕು. ಮಹಾಪ್ರಾಣವನ್ನು ಅಲ್ಪಪ್ರಾಣಕ್ಕೆ ಇಳಿಸಿ, ಶ ಷ ಸ ಒಂದು ಮಾಡಿ, ಣವನ್ನು ನಕ್ಕೂ ಳವನ್ನು ಲಕ್ಕೂ ಸೇರಿಸಿ, ಮೊದಲಿನ ಹಕಾರ ಬಿಡಿ. ಭಾಗ್ಯ ಮತ್ತು ಬಾಗ್ಯ, ಗಣೇಶ ಮತ್ತು ಗಣೇಸ ಒಂದೇ ಕಡೆ ಬೀಳುತ್ತವೆ. ಆದರೆ ಮೊದಲ ಅಕ್ಷರದ ದೀರ್ಘವನ್ನು ಮಾತ್ರ ಮಡಿಸಬೇಡಿ, ರಮಾ ಹೋಗಿ ರಾಮನ ಮನೆ ಸೇರುತ್ತಾಳೆ. ಒತ್ತನ್ನೂ ಮುಟ್ಟಬೇಡಿ. ಈ ಮಡಿಕೆ ಹುಡುಕಲು ಮಾತ್ರ, ಬರೆದಿಡಲು ಅಲ್ಲ. ದಾಖಲೆಗೆ ಹೋಗುವುದು ಪಟ್ಟಿಯಲ್ಲಿರುವ ಸರಿಯಾದ ರೂಪವೇ ಆಗಬೇಕು.

ಕೇಳುವ ಕ್ರಮವೂ ಮುಖ್ಯ. ಮೊದಲು ತಾಲ್ಲೂಕು, ಶಿವಮೊಗ್ಗ ಜಿಲ್ಲೆಯಲ್ಲಿ ಏಳೇ ಇವೆ. ಆಮೇಲೆ ಊರು, ಆಮೇಲೆ ಹೆಸರು, ಕೊನೆಗೆ ತಂದೆ ಅಥವಾ ಗಂಡನ ಹೆಸರು. ಪಹಣಿಯಲ್ಲಿ 'ಮಂಜಪ್ಪ ಬಿನ್ ತಿಮ್ಮಪ್ಪ', 'ಲಕ್ಷ್ಮಮ್ಮ ಕೋಂ ರಾಮಪ್ಪ' ಎಂದು ಬರೆಯುವ ರೂಢಿ ಇಲ್ಲಿ ದೊಡ್ಡ ಆಸರೆ. 300 ಜನರ ಪಟ್ಟಿಯಲ್ಲಿ ಎಂಟು ಮಂಜಪ್ಪಂದಿರು ಇದ್ದರೂ ತಿಮ್ಮಪ್ಪನ ಮಗ ಮಂಜಪ್ಪ ಒಬ್ಬನೋ ಇಬ್ಬರೋ ಇರುತ್ತಾರೆ. ಎರಡು ಹೆಸರೂ ಅರೆಬರೆ ಕೇಳಿದ್ದರೂ ಜೋಡಿಯಾಗಿ ನೋಡಿದಾಗ ಉತ್ತರ ಸಿಗುತ್ತದೆ. ಇನಿಷಿಯಲ್ ಕೇಳುವುದಕ್ಕಿಂತ ಇದು ಎಷ್ಟೋ ಮೇಲು. ಅಕ್ಷರ ಬಿಡಿಸಿ ಹೇಳಿ ಎನ್ನುವುದೂ ಬೇಡ: ಮಂ... ಜು... ನಾ... ಥ ಎಂದು ನಿಲ್ಲಿಸಿ ಹೇಳಿದರೆ, ಹರಿಯುವ ಮಾತಿನಿಂದ ಕಲಿತ ಯಂತ್ರ ಅದನ್ನು ನಾಲ್ಕು ಬೇರೆ ಪದ ಎಂದುಕೊಳ್ಳುತ್ತದೆ. ಬೀಪ್ ಸದ್ದು ಮುಗಿಯುವ ಮೊದಲೇ ಮಾತು ಶುರುಮಾಡುವವರು ಬಹಳ. ಅದಕ್ಕಾಗಿ ಪ್ರಶ್ನೆಯ ಕೊನೆಯ ಪದದಿಂದಲೇ ದನಿ ಹಿಡಿದಿಡುವುದು ಒಳ್ಳೆಯದು, ಇಲ್ಲದಿದ್ದರೆ ಹಾಲಪ್ಪನಲ್ಲಿ ಹಕಾರವೇ ಇರದು.

ಆರಿಸಿದ ಹೆಸರನ್ನು ಓದಿ ಹೇಳಿ ಖಚಿತಪಡಿಸಿಕೊಳ್ಳುವ ಹಂತದಲ್ಲಿ ಇನ್ನೊಂದು ಗುಂಡಿ ಇದೆ. ಹೌದು ಎಂದು ಹೇಳಿ ಎಂದರೂ ನಮ್ಮ ಜನ ಹೇಳುವುದು "ಹೂಂ". ಅಲ್ಲ ಎನ್ನಲು "ಊಹೂಂ". ಎರಡೂ ಮೂಗಿನ ದನಿ, ಬಲವೆಲ್ಲ 300 ಹರ್ಟ್ಸ್‌ನ ಆಸುಪಾಸಿನಲ್ಲಿ, ಅಂದರೆ ಫೋನು ಕತ್ತರಿಸುವ ಅಂಚಿನಲ್ಲೇ. ಮೊದಲಿನ 'ಊ' ಒಂದು ಕಳೆದರೆ ಅಲ್ಲ ಎಂಬುದು ಹೌದಾಗುತ್ತದೆ, ಬೇರೆಯವರ ಖಾತೆ ತೆರೆದುಕೊಳ್ಳುತ್ತದೆ. ಇಲ್ಲಿ ದನಿಯ ಹಟ ಬಿಟ್ಟು "ಸರಿಯಾದರೆ 1 ಒತ್ತಿ, ತಪ್ಪಾದರೆ 2 ಒತ್ತಿ" ಎನ್ನಿ. ಒತ್ತುಗುಂಡಿಯ ಸ್ವರಗಳು 697ರಿಂದ 1633 ಹರ್ಟ್ಸ್‌ನೊಳಗೆ ಇರುವಂತೆಯೇ ರೂಪಿಸಿದವು, ಮಳೆಗೂ ಬಹುಮಟ್ಟಿಗೆ ಜಗ್ಗವು. ಎರಡು ಸಲ 2 ಒತ್ತಿದವರನ್ನು ಮೂರನೇ ಸಲ ಹೆಸರು ಕೇಳಬಾರದು. ಅವರ ಒಪ್ಪಿಗೆ ಕೇಳಿ ದನಿಯನ್ನು ಹಾಗೆಯೇ ಉಳಿಸಿಕೊಂಡು, ಊರಿನ ಪಟ್ಟಿಯ ಸಮೇತ ಆ ತಾಲ್ಲೂಕಿನ ಮಾತು ಬಲ್ಲ ಸಿಬ್ಬಂದಿಯ ಮುಂದಿಡಬೇಕು. ಅವರು ಕೇಳಿ ಬರೆದ ಹೆಸರನ್ನು ಉಚ್ಚಾರಣೆಯ ರೂಪದೊಂದಿಗೆ ಅದೇ ದಿನ ಪಟ್ಟಿಗೆ ಸೇರಿಸಿದರೆ, ಮುಂದಿನ ಸಲ ಗುತ್ಯಪ್ಪನವರು ಫೋನು ಮಾಡಿದಾಗ ಯಂತ್ರದ ಮುಂದೆ ಅವರ ಹೆಸರು ಇರುತ್ತದೆ.